ಬ್ರೆಜಿಲ್ಲಿಗೆ ಹೊರಟ ಉಡಿ

ಪಂಪ್‌ಸೆಟ್ ಅಂಗಡಿಯ ಅಂದಾನಪ್ಪ ಬ್ರೆಜಿಲ್ ದೇಶಕ್ಕೆ ಹೊರಡುವ ಮುನ್ನ ಮಾಡಿದ ತಪ್ಪು ಒಂದೇ ಒಂದು: ಆ ದೇಶದ ಹೊಳೆಯನ್ನು ಹೊಗಳಿದ. ಅಲ್ಲಿನ ಚೆಂಡಾಟವನ್ನು ಹೊಗಳಬಹುದಿತ್ತು, ಕಾಫಿಯನ್ನು ಹೊಗಳಬಹುದಿತ್ತು, ಗಿಳಿಗಳನ್ನು ಹೊಗಳಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಬಾಗಲಕೋಟೆಯ ನವನಗರದಲ್ಲಿ, ಅದೂ ಎರಡು ಸಾವಿರದ ಮೂರನೇ ಇಸವಿಯಲ್ಲಿ, ಹೊಳೆಯ ಮಾತು ತೆಗೆಯುವವನು ಹಿಂದೆ ಮುಂದೆ ನೋಡಿ ತೆಗೆಯಬೇಕು. ಅಂದಾನಪ್ಪನಿಗೆ ಹಿಂದೆ ಮುಂದೆ ನೋಡುವ ರೂಢಿಯೇ ಇರಲಿಲ್ಲ.

ಅವನು ಪರದೇಶಕ್ಕೆ ಹೋಗುತ್ತಿದ್ದುದರಲ್ಲಿ ಅವನ ಸಾಹಸವೇನೂ ಇರಲಿಲ್ಲ. ಪಂಪು ತಯಾರಿಸುವ ಕಂಪನಿಯವರು ಹೆಚ್ಚು ಮೋಟರು ಮಾರಿದ ಅಂಗಡಿಯವರನ್ನು ವರ್ಷಕ್ಕೊಮ್ಮೆ ಎಂಟು ದಿನ ಪರದೇಶ ಸುತ್ತಿಸಿ ತರುತ್ತಿದ್ದರು. ಆಣೆಕಟ್ಟಿನ ಹಿನ್ನೀರು ಹಳೇ ಬಾಗಲಕೋಟೆಯ ಓಣಿಗಳನ್ನು ನುಂಗಿ ಸುತ್ತಲಿನ ಹೊಲಗಳ ಬದುವಿಗೆ ಬಂದು ನಿಂತ ಮೇಲೆ, ದಂಡೆಯ ರೈತರೆಲ್ಲ ಒಬ್ಬರ ಹಿಂದೊಬ್ಬರು ಮೋಟರು ಕೂಡಿಸತೊಡಗಿದ್ದರು. ಅಂದಾನಪ್ಪ ಅಂಗಡಿಯ ಬಾಗಿಲು ತೆಗೆದು ಸುಮ್ಮನೆ ಕೂತಿದ್ದ, ಅಷ್ಟೇ. ಉಳಿದ ಕೆಲಸವನ್ನೆಲ್ಲ ಹೊಳೆಯೇ ಮಾಡಿತ್ತು. ಪ್ರತಿ ವರ್ಷ ಬ್ಯಾಂಕಾಕಿಗೆ ಒಯ್ಯುತ್ತಿದ್ದ ಕಂಪನಿ ಆ ವರ್ಷ ಮಾತ್ರ, ಮಾಲೀಕರ ಮಗನಿಗೆ ಚೆಂಡಾಟದ ಹುಚ್ಚು ಹತ್ತಿದ್ದರಿಂದ, ಬ್ರೆಜಿಲ್ ಎಂದು ತೀರ್ಮಾನಿಸಿತು. ಅಂಗಡಿಗೊಂದೇ ಟಿಕೆಟ್ಟು. ಹೆಂಡತಿ ದುರ್ಗವ್ವ "ನೀವು ಹೋಗಿ ಬರ್ರಿ, ನನಗ ಎತ್ತರಕ್ಕ ಹೋದ್ರ ತಲಿ ತಿರುಗ್ತದ" ಎಂದು ದೊಡ್ಡ ಮನಸ್ಸು ಮಾಡಿದಳು.

ಸುದ್ದಿ ಓಣಿಗೆ ಹಬ್ಬಿದ ಸಂಜೆ ಎದುರು ಮನೆಯ ಸಕ್ರವ್ವ ಬಂದು ಕಟ್ಟೆಯ ಮೇಲೆ ಕೂತಳು. ಎಪ್ಪತ್ತು ದಾಟಿದ ಹಿರಿಯ ಮುತ್ತೈದೆ. ಓಣಿಯಲ್ಲಿ ಅವಳ ಮಾತೇ ಕಾಯಿದೆ. ಹಿನ್ನೀರು ಬಂದಾಗ ಮೊದಲು ಮುಳುಗಿದ ಮನೆಗಳಲ್ಲಿ ಅವಳದೂ ಒಂದು. ಅಂದಿನಿಂದ ಅವಳಿಗೂ ಘಟಪ್ರಭೆಗೂ ಮಾತಿಲ್ಲ. ಮೊದಲು ವರ್ಷಾ ವರ್ಷಾ ರವಿಕೆಯ ಖಣ, ಬಳೆ, ಅರಿಷಿಣ ಕುಂಕುಮ ಕೊಟ್ಟು ಹೊಳೆಗೆ ಉಡಿ ತುಂಬುತ್ತಿದ್ದವಳು ಈಗ ಬಸ್ಸು ಸೇತುವೆಯ ಮೇಲೆ ಹೋಗುವಾಗ ಸೆರಗು ಮುಂದೆಳೆದು ಮುಖ ತಿರುಗಿಸುತ್ತಿದ್ದಳು. ಹೊಳೆಯ ಕಡೆ ಕಿಟಕಿ ಸಿಕ್ಕರೆ ಎದ್ದು ನಿಂತೇ ಪ್ರಯಾಣ ಮಾಡುತ್ತಿದ್ದಳು.

"ಆ ದೇಶದಾಗ ಹೊಳಿ ಐತೇನೋ ಅಂದಾನಿ?" ಎಂದು ಕೇಳಿದಳು ಸಕ್ರವ್ವ.

ಅಂದಾನಪ್ಪ ಕಂಪನಿಯವರು ಕಳಿಸಿದ ಬಣ್ಣದ ಪುಸ್ತಕ ಓದಿ ಬಿಸಿಬಿಸಿಯಾಗಿದ್ದ. "ಹೊಳಿ ಅಂದ್ರ ಎಂಥಾದ್ದಬೇ ಆಯಿ! ಜಗತ್ತಿನಾಗ ಅಂಥಾದ್ದು ಇನ್ನೊಂದಿಲ್ಲ. ಅಮೆಜಾನ್ ಅಂತ ಹೆಸರು. ಈ ದಂಡಿಗೆ ನಿಂತ್ರ ಆ ದಂಡಿ ಕಾಣೂದಿಲ್ಲ. ನಮ್ಮ ಘಟಪ್ರಭಾ ಅದರ ಮುಂದ ಬಚ್ಚಲ ನೀರು!"

ಸಕ್ರವ್ವನ ಮುಖ ಐದು ವರ್ಷದಲ್ಲಿ ಮೊದಲ ಸಲ ಅರಳಿತು. "ಇನ್ನೊಮ್ಮೆ ಅನ್ನು" ಎಂದಳು.

"ಬಚ್ಚಲ ನೀರು."

"ತಡಿ, ನಮ್ಮ ಸೊಸಿನ್ನ ಕರೀತೇನಿ. ಆಕೀ ಮುಂದೂ ಅನ್ನು."

ಸೊಸೆ ಬಂದಳು, ಅಂದಾನಪ್ಪ ಮೂರನೇ ಸಲ ಅಂದ. ಸಕ್ರವ್ವ ಕಟ್ಟೆ ತಟ್ಟಿ ಎದ್ದು ನಿಂತು ತೀರ್ಪು ಕೊಟ್ಟಳು: "ಹಂಗಾದ್ರ ನಾ ಆ ಹೊಳಿಗೆ ಉಡಿ ತುಂಬ್ತೇನಿ. ಈಕಿಗೆ ಗೊತ್ತಾಗ್ಲಿ, ಜಗತ್ತಿನಾಗ ಈಕಿ ಒಬ್ಬಾಕಿನ ಹೊಳಿ ಅಲ್ಲ ಅಂತ. ಅಂದಾನಿ, ನನ್ನ ಉಡಿ ನೀ ಒಯ್ಯಿ."

ಸಕ್ರವ್ವ ಕೊಟ್ಟ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಮರುದಿನ ರಂಗವ್ವ ಗುಳೇದಗುಡ್ಡದ ಖಣ ತಂದಳು. ಸೋಮವ್ವ ಖಣದ ಜೊತೆ ಕುಂಕುಮದ ಭರಣಿ ತಂದಳು. ಬಳೆ ಮಾರುವ ಕಾಸಿಂಬಿ ಬುಟ್ಟಿ ಹೊತ್ತು ಬಂದು, "ಹೊಳಿ ನೀರು ನಾವೂ ಕುಡದೀವಲ್ರಿ. ಹಸಿರು ಬಳಿ ಎಲ್ಲಾ ನಂದಾ ಇರ್ಲಿ" ಎಂದು ಎಣಿಸದೆ ಸುರಿದಳು. ವಾರದೊಳಗೆ ಅಂದಾನಪ್ಪನ ಪಡಸಾಲೆಯಲ್ಲಿ ಇಪ್ಪತ್ತೊಂದು ಹೆಂಗಸರ ಇಪ್ಪತ್ತೊಂದು ಉಡಿಗಳು ಸೇರಿದವು. ವಿಮಾನದವರು ಇಪ್ಪತ್ತು ಕಿಲೋ ಮಾತ್ರ ಬಿಡುತ್ತಾರೆಂದು ಅಂದಾನಪ್ಪ ಬೇಡಿಕೊಂಡ ಮೇಲೆ ಎಲ್ಲರ ಪರವಾಗಿ ಒಂದೇ ಕಾಯಿ ಎಂದು ಸಕ್ರವ್ವ ರಿಯಾಯಿತಿ ತೋರಿಸಿದಳು. ಅವನ ಅಂಗಿ ಪ್ಯಾಂಟುಗಳು ಕೈಚೀಲಕ್ಕೆ ಹೋದವು. ದೊಡ್ಡ ಪೆಟ್ಟಿಗೆ ಪೂರ್ತಿ ಹೊಳೆಯ ಪಾಲಾಯಿತು.

ಇನ್ನೊಂದು ತೊಡಕಿತ್ತು. ಉಡಿ ತುಂಬುವುದು ಹೆಂಗಸರ ಕೆಲಸ. ಅಂದಾನಪ್ಪನಿಗೆ ಮೋಟರಿಗೆ ವಾಯರು ಕೂಡಿಸಲು ಬರುತ್ತಿತ್ತೇ ಹೊರತು ಇದು ಬರುತ್ತಿರಲಿಲ್ಲ. ದುರ್ಗವ್ವ ಅಂಗಳದ ಸಿಮೆಂಟಿನ ನೀರಿನ ಟಾಕಿಯನ್ನೇ ಅಮೆಜಾನ್ ಎಂದು ತಿಳಿಯಲು ಹೇಳಿ, ಗಂಡನ ತಲೆಯ ಮೇಲೆ ಟಾವೆಲ್ಲು ಹೊದಿಸಿ ಪಾಠ ಶುರುಮಾಡಿದಳು.

"ಮೊದಲ ಅರಿಷಿಣ ಕುಂಕುಮ. ಆಮ್ಯಾಲೆ ಬಳಿ. ಆಮ್ಯಾಲೆ ಖಣ. ಯಾರದು ಅಂತ ಹೆಸರು ಹೇಳಬೇಕ್ರಿ, ಇಲ್ಲಂದ್ರ ಆಕಿಗೆ ಹೆಂಗ ತಿಳೀಬೇಕು? ಮತ್ತ ನೆನಪಿಡ್ರಿ, ಒಡ್ಡಿದ ಉಡಿ ಖಾಲಿ ಬಿಡಬಾರದು. ಕಡೀಕೆ ಆಕಿ ಐದು ಕಾಳು ತಿರುಗಿ ಕೊಡಬೇಕು. ಕೊಟ್ರ ಉಡಿ ಮುಟ್ಟಿತು ಅಂತ."

"ಹೊಳಿ ಹೆಂಗ ತಿರುಗಿ ಕೊಡ್ತದಲೇ?"

"ಅದು ಆಕಿ ಮರ್ಜಿ. ಆದ್ರ ಒಂದು ಮಾತು. ಒಯ್ದ ಉಡಿ ಹೊಳ್ಳಿ ಮನಿಗೆ ತರಬ್ಯಾಡ್ರಿ. ಇಪ್ಪತ್ತೊಂದು ಮಂದಿ ಮುತ್ತೈದೇರ ಉಡಿ. ಪೆಟಿಗಿ ತುಂಬಿದ್ದು ತುಂಬಿದ್ಹಂಗ ಬಂತಂದ್ರ, ಈ ಓಣ್ಯಾಗ ನಾ ಹೆಂಗ ಮುಖ ತೋರಸ್ಲಿ? ಸಕ್ರವ್ವಾಯಿ ಅಂತೂ ಎದಿ ಒಡಕೊಳ್ತಾಳ."

ಅಂದಾನಪ್ಪ ದಿನಾ ಬೆಳಿಗ್ಗೆ ಟಾಕಿಗೆ ಉಡಿ ತುಂಬಿದ. ಕಚೇರಿಯಲ್ಲಿ ಗುಮಾಸ್ತನಾಗಿದ್ದ ದುರ್ಗವ್ವನ ತಮ್ಮ ಪ್ರಭು ಒಂದು ದಿನ ಗೇಟು ತೆಗೆದು ಬಂದವನು, ತಲೆಯ ಮೇಲೆ ಸೆರಗು ಹೊದ್ದು ಟಾಕಿಗೆ ಕುಂಕುಮ ಹಚ್ಚುತ್ತಿದ್ದ ಮಾಮನನ್ನು ಕಂಡು ಹಾಗೇ ಹಿಂದೆ ಸರಿದ. "ಅಕ್ಕಾ, ಮಾಮಾಗ ಯಾವಾಗಿಂದ ಹಿಂಗ? ದವಾಖಾನಿಗೆ ತೋರ್ಸೀರೇನು?" ಎಂದು ಹೊರಗಿನಿಂದಲೇ ಕೇಳಿದ.

ಡಿಸೆಂಬರಿನ ಕೊನೆಯ ವಾರ ಮೂವತ್ತು ಮಂದಿ ಪಂಪು ವ್ಯಾಪಾರಿಗಳು ರಿಯೊ ನಗರದಲ್ಲಿ ಇಳಿದರು. ಅವರನ್ನು ಕಾಯಲು ಕಂಪನಿ ಬೆಂಗಳೂರಿನಿಂದ ಶ್ರೀಧರ ಎಂಬ ತರುಣ ಅಧಿಕಾರಿಯನ್ನು ಕಳಿಸಿತ್ತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಇಪ್ಪತ್ತೊಂಬತ್ತು ಮಂದಿ ಸಲೀಸಾಗಿ ದಾಟಿದರು. ಅಂದಾನಪ್ಪನ ಪೆಟ್ಟಿಗೆ ತೆರೆದ ಸಾಹೇಬ ಮಾತ್ರ ಖಣಗಳನ್ನು ನೋಡಿದ, ಬಳೆ ನೋಡಿದ, ಅರಿಷಿಣದ ಪೊಟ್ಟಣ ಮೂಸಿ ಸೀನಿದ, ಕೊನೆಗೆ ಕಾಯನ್ನು ಎತ್ತಿ ಹಿಡಿದು ಹುಬ್ಬು ಹಾರಿಸಿದ. ಇದೆಲ್ಲ ಯಾಕೆ ಎಂದು ಕೇಳುತ್ತಿದ್ದಾನೆಂಬುದು ಯಾವ ಭಾಷೆಯವರಿಗೂ ತಿಳಿಯುವಂತಿತ್ತು.

ಅಂದಾನಪ್ಪ ಟಾವೆಲ್ಲು ತಲೆಗೆ ಹೊದ್ದು, ಅಂಗಿಯ ಚುಂಗು ಎರಡೂ ಕೈಯಲ್ಲಿ ಹಿಡಿದು ಉಡಿ ಒಡ್ಡಿ ತೋರಿಸಿದ. ಸಾಹೇಬನಿಗೆ ಅರ್ಥವಾಗಲಿಲ್ಲ. ಹೀಗೆಯೋ ಎಂದು ಕೇಳುವವನಂತೆ ತಾನೂ ತನ್ನ ಕೋಟಿನ ಚುಂಗು ಹಿಡಿದು ಒಡ್ಡಿದ. ಅಲ್ಲಿಗೆ ಮುಗಿಯಿತು. ಹದಿನೈದು ದಿನ ಟಾಕಿಯ ಮುಂದೆ ಪಳಗಿದ ಅಂದಾನಪ್ಪನ ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ಒಡ್ಡಿದ ಉಡಿ ಖಾಲಿ ಬಿಡಬಾರದು. ಅಕ್ಕಿ ಹಾಕಿದ, ಅಡಿಕೆ ಹಾಕಿದ, ಅರಿಷಿಣದ ಕೊಂಬು ಹಾಕಿದ, ಕಾಯಿಯನ್ನೂ ಇಟ್ಟು ನಮಸ್ಕಾರ ಮಾಡಿದ. ಹಿಂದಿನ ಸಾಲಿನವರೆಲ್ಲ ಇಣುಕಿ ನೋಡಿದರು.

ಆ ದೇಶದೊಳಗೆ ಬೀಜ, ಕಾಳು ತರುವಂತಿರಲಿಲ್ಲ. ಸಾಹೇಬ ಹೇಗೂ ಅವನ್ನು ಕಿತ್ತುಕೊಳ್ಳಬೇಕಿತ್ತು. ಇಷ್ಟು ಮರ್ಯಾದೆಯಿಂದ ಯಾರೂ ತಾವಾಗಿ ಒಪ್ಪಿಸಿರಲಿಲ್ಲವೆಂದು ಕಾಣುತ್ತದೆ, ಖುಷಿಯಿಂದ ಉಳಿದ ಪೆಟ್ಟಿಗೆ ಬಿಟ್ಟುಕೊಟ್ಟ. ಅಂದಾನಪ್ಪ ಐದು ಕಾಳಿಗಾಗಿ ಕೈ ಚಾಚಿ ನಿಂತ. ಸಾಹೇಬ ಆ ಕೈ ಹಿಡಿದು ಕುಲುಕಿದ.

"ರಿವಾಜು ಗೊತ್ತಿಲ್ಲ ಪಾಪ" ಎಂದು ಅಂದಾನಪ್ಪ ಮುಂದೆ ನಡೆದ.

ನಿಜವಾದ ಸಿಡಿಲು ಬಿದ್ದದ್ದು ಮರುದಿನ ತಿಂಡಿಯ ಹೊತ್ತಿಗೆ. "ಸಾಹೇಬ್ರ, ಹೊಳಿಗೆ ಯಾವಾಗ ಹೋಗೂದ್ರಿ?" ಎಂದು ಅಂದಾನಪ್ಪ ಶ್ರೀಧರನನ್ನು ಕೇಳಿದ.

"ಯಾವ ಹೊಳೆ ಸಾರ್?"

"ಅಮೆಜಾನ್ ರೀ. ಊಟಕ್ಕ ಹೊಳ್ಳಿ ಬರಬಹುದಿಲ್ರಿ?"

ಶ್ರೀಧರ ಚಮಚ ಕೆಳಗಿಟ್ಟ. "ಸಾರ್, ಅಮೆಜಾನ್ ಇಲ್ಲಿಂದ ವಿಮಾನದಲ್ಲೇ ನಾಲ್ಕು ಗಂಟೆ. ಬಾಗಲಕೋಟೆಯಿಂದ ಕಾಶ್ಮೀರಕ್ಕಿಂತ ದೂರ. ನಮ್ಮ ಪ್ರವಾಸದಲ್ಲಿ ಅದು ಇಲ್ಲವೇ ಇಲ್ಲ."

"ನಕಾಶದಾಗ ಒಂದು ಗೇಣೂ ಇಲ್ಲಲ್ರೀ!"

"ಸಾರ್, ದೇಶ ದೊಡ್ಡದು. ನಕಾಶೆ ಚಿಕ್ಕದು."

ಅಂದಿನಿಂದ ಅಂದಾನಪ್ಪನಿಗೆ ರಿಯೊ ನಗರದ ಸೊಗಸು ಕಣ್ಣಿಗೆ ಹತ್ತಲಿಲ್ಲ. ತಂತಿಯ ಮೇಲೆ ತೂಗುವ ಡಬ್ಬಿಯಲ್ಲಿ ಕೂರಿಸಿ ಗುಡ್ಡದ ತುದಿಗೆ ಒಯ್ದರು. ಉಳಿದವರು ಬೆಟ್ಟ, ಕೊಲ್ಲಿ, ಊರು ನೋಡಿ ಬಾಯಿ ಬಿಟ್ಟು ನಿಂತರೆ ಅವನು ಎಲ್ಲಾದರೂ ಹೊಳೆ ಕಾಣುತ್ತದೆಯೋ ಎಂದು ಹುಡುಕಿದ. ಬೀದಿ ಬೀದಿಯಲ್ಲಿ ಡೋಲು ಬಾರಿಸಿ ಕುಣಿಯುವವರ ನಡುವೆ ಪೆಟ್ಟಿಗೆ ಎಳೆದುಕೊಂಡು ನಡೆದ. ಊರ ನಡುವೆಯೇ ಇದ್ದ ದಟ್ಟ ಕಾಡಿಗೆ ಕರೆದೊಯ್ದಾಗ ಒಂದು ಸಣ್ಣ ಹಳ್ಳ ಕಂಡಿತು. ಇದೇ ಮುಂದೆ ಹೋಗಿ ಅಮೆಜಾನ್ ಸೇರಿದರೂ ಸೇರೀತು ಎಂದು ಟಾವೆಲ್ಲು ಹೊದ್ದು ಪೆಟ್ಟಿಗೆ ತೆರೆಯುವಷ್ಟರಲ್ಲಿ, ಉದ್ದ ಮೂತಿಯ, ಪಟ್ಟೆ ಬಾಲದ ಪ್ರಾಣಿಗಳ ಹಿಂಡು ಬಾಲ ನಿಗುರಿಸಿಕೊಂಡು ಬಂದು ಮೂಸತೊಡಗಿತು. ಅವುಗಳಲ್ಲಿ ಒಂದು ಸೋಮವ್ವನ ಖಣವನ್ನು ಕಚ್ಚಿ ಎಳೆಯಿತು. ಅಂದಾನಪ್ಪ ಇನ್ನೊಂದು ತುದಿ ಹಿಡಿದ. "ಬಿಡಲೇ! ಸೋಮಕ್ಕಂದದು!" ಎಂಬ ಕೂಗಿಗೆ ಕಾಡಿನ ಗಿಳಿಗಳೆಲ್ಲ ಎದ್ದವು. ಖಣ ಉಳಿಯಿತು, ಹಳ್ಳ ತಪ್ಪಿತು.

ವರ್ಷ ಮುಗಿಯಲು ಎರಡು ದಿನವಿತ್ತು, ಪ್ರವಾಸ ಮುಗಿಯಲು ಒಂದು ದಿನ. ಆ ಮಧ್ಯಾಹ್ನ ಎಲ್ಲರನ್ನೂ ಸಮುದ್ರ ದಂಡೆಗೆ ಬಿಟ್ಟು, ಐದು ಗಂಟೆಗೆ ಬಸ್ಸು ಎಂದು ಶ್ರೀಧರ ತಾಕೀತು ಮಾಡಿದ. ಅಂದಾನಪ್ಪ ಒಂದು ಎಳನೀರು ಕೊಂಡು, ಕುಡಿಯುವ ಮನಸ್ಸಾಗದೆ, ಬಾಯಿ ಕೆತ್ತಿಸದೆ ಹಾಗೇ ತೊಡೆಯ ಮೇಲಿಟ್ಟುಕೊಂಡು ಪೆಟ್ಟಿಗೆಯ ಮೇಲೆ ಕೂತ. ಕೂತಲ್ಲಿ ಅವನಿಗೊಂದು ಮಾತು ಹೊಳೆಯಿತು. ತನ್ನನ್ನು ಇಷ್ಟು ದೂರ ಕಳಿಸಿದವರು ಯಾರು? ಕಂಪನಿಯಲ್ಲ. ಘಟಪ್ರಭೆ ಹೊಲದ ಬದುವಿಗೆ ಬಂದು ನಿಂತಳು, ಮೋಟರು ಹೋದವು, ಟಿಕೆಟ್ಟು ಬಂತು. ಅವಳ ಅನ್ನ ಉಂಡು ಕಟ್ಟೆಯ ಮೇಲೆ ಕೂತು ಅವಳನ್ನೇ ಬಚ್ಚಲ ನೀರು ಅಂದೆ, ಅದೂ ಮೂರು ಸಲ. ಅಂದಾನಪ್ಪನಿಗೆ ಕಣ್ಣಲ್ಲಿ ನೀರು ಬಂದಿತು.

ಕಣ್ಣೊರೆಸಿಕೊಂಡು ನೋಡುತ್ತಾನೆ, ದಂಡೆಯ ತುಂಬ ಬಿಳಿ ಲಂಗ, ಬಿಳಿ ರವಿಕೆಯ ಹೆಂಗಸರು! ಡೋಲು ಬಡಿಯುತ್ತಿದೆ. ಒಬ್ಬೊಬ್ಬರ ಕೈಯಲ್ಲೂ ಪುಟ್ಟ ನೀಲಿ ದೋಣಿ. ದೋಣಿಯೊಳಗೆ ಹೂವು, ಬಾಚಣಿಗೆ, ಕನ್ನಡಿ, ಅತ್ತರಿನ ಸೀಸೆ. ಮೊಣಕಾಲುದ್ದದ ನೀರಿಗಿಳಿದು ಅಲೆಯ ಮೇಲೆ ಬಿಡುತ್ತಿದ್ದಾರೆ, ಕೈ ಮುಗಿಯುತ್ತಿದ್ದಾರೆ. ವರ್ಷದ ಕೊನೆಗೆ ಯೆಮಾಂಜಾ ಎಂಬ ಕಡಲ ತಾಯಿಗೆ ಅಲ್ಲಿಯವರು ಹೀಗೆ ಕೊಡುವುದುಂಟು. ಅಂದಾನಪ್ಪನಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

"ಯವ್ವಾ, ಇವರೂ ಉಡಿ ತುಂಬಾಕತ್ತಾರಲ್ಲ!" ಎಂದು ಎದ್ದವನೇ ಪ್ಯಾಂಟು ಮಡಚಿ, ಟಾವೆಲ್ಲು ತಲೆಗೆ ಹೊದ್ದು, ಪೆಟ್ಟಿಗೆ ಹೊತ್ತು, ಎಳನೀರನ್ನು ಕಂಕುಳಲ್ಲಿ ಅವುಚಿಕೊಂಡು ನೀರಿಗಿಳಿದ.

ಪಕ್ಕದಲ್ಲಿದ್ದ ಒಬ್ಬ ಮುದುಕಿ, ಸಕ್ರವ್ವನಷ್ಟೇ ವಯಸ್ಸಿನವಳು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಸರಿದು ಜಾಗ ಕೊಟ್ಟಳು. ಅಂದಾನಪ್ಪ ಸಮುದ್ರಕ್ಕೆ ಅರಿಷಿಣ ಕುಂಕುಮ ಹಾಕಿದ. "ಇದು ರಂಗವ್ವಂದು. ಇದು ಸೋಮವ್ವಂದು, ಸ್ವಲ್ಪ ಹರದೇತಿ, ಸಿಟ್ಟಾಗಬ್ಯಾಡ. ಬಳಿ ಎಲ್ಲಾ ಕಾಸಿಂಬಿದು" ಎಂದು ಒಂದೊಂದೇ ಬಿಟ್ಟ. ಸುತ್ತಲಿನ ಹೆಂಗಸರು ಬೆರಗಾಗಿ ಹತ್ತಿರ ಬಂದರು. ಮುದುಕಿ ಕುಂಕುಮದ ಭರಣಿಯತ್ತ ಬೆರಳು ಮಾಡಿ ಹಣೆ ಚಾಚಿದಳು. ಹಚ್ಚಿದ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಬಸ್ಸು ತಪ್ಪಿಸಿಕೊಂಡವನನ್ನು ಹುಡುಕುತ್ತ ಶ್ರೀಧರ, ಅಲ್ಲಿಯ ಭಾಷೆ ಬಲ್ಲ ಬಸ್ಸಿನ ಮಾರ್ಗದರ್ಶಿಯ ಜೊತೆ ಓಡಿ ಬಂದಾಗ, ಕಂಪನಿಯ ಅತ್ಯುತ್ತಮ ವ್ಯಾಪಾರಿ ಸೆರಗು ಹೊದ್ದು ನೀರಿನಲ್ಲಿ ನಿಂತು ನಲವತ್ತು ಹೆಂಗಸರ ಸಾಲಿಗೆ ಕುಂಕುಮ ಹಚ್ಚುತ್ತಿದ್ದ.

"ಸಾರ್, ಬಸ್ಸು! ದಯವಿಟ್ಟು ಬನ್ನಿ ಸಾರ್!"

"ಒಂದ ಉಳದೈತ್ರಿ, ತಡೀರಿ" ಎಂದ ಅಂದಾನಪ್ಪ. ಉಳಿದದ್ದು ಸಕ್ರವ್ವನ ಖಣ. ಅದನ್ನು ಬಿಟ್ಟು, ಕಿತ್ತುಕೊಂಡ ಕಾಯಿಯ ಬದಲಿಗೆ ಎಳನೀರಿನ ಕಾಯಿಗೆ ಕುಂಕುಮ ಹಚ್ಚಿ, "ಇದು ಸಕ್ರವ್ವಾಯಿದು, ಓಣಿ ಎಲ್ಲಾರದೂ" ಎಂದು ಅಲೆಯ ಮೇಲಿಟ್ಟ. ಕಾಯಿ ತೇಲುತ್ತ ಹೋಯಿತು. ಹೋಗಿ ನಿಂತಿತು. ಒಂದು ದೊಡ್ಡ ಅಲೆ ಎದ್ದು ಅದನ್ನು ಎತ್ತಿಕೊಂಡು ಬಂದು ಅಂದಾನಪ್ಪನ ಕಾಲಿಗೇ ಬಡಿಯಿತು.

ಡೋಲು ನಿಂತಿತು. ಹೆಂಗಸರು ಎದೆಯ ಮೇಲೆ ಕೈಯಿಟ್ಟರು. ಮುದುಕಿ ಅವನ ಬೆನ್ನು ಸವರಿ ಏನೋ ಸಮಾಧಾನ ಹೇಳಿದಳು. ಮಾರ್ಗದರ್ಶಿಯಿಂದ ಕೇಳಿ ತಿಳಿದ ಶ್ರೀಧರ ಅಳುಕುತ್ತ ಹೇಳಿದ: "ಸಾರ್, ಕೊಟ್ಟದ್ದು ವಾಪಸ್ ಬಂದರೆ ತಾಯಿಗೆ ಒಪ್ಪಿಗೆಯಾಗಿಲ್ಲ ಅಂತ ಅರ್ಥವಂತೆ. ಬೇಜಾರು ಮಾಡ್ಕೋಬೇಡಿ ಸಾರ್."

ಅಂದಾನಪ್ಪ ಕಾಯಿಯನ್ನು ಎದೆಗೊತ್ತಿಕೊಂಡು ನೀರಿನಲ್ಲೇ ಒಂದು ಸುತ್ತು ಕುಣಿದ. "ಒಪ್ಪಿಗಿ ಆಗಿಲ್ಲ? ಯಾರಂದ್ರು? ಆಕಿ ತಿರುಗಿ ಕೊಟ್ಟಾಳ್ರೀ! ಉಡಿ ಮುಟ್ಟೇತ್ರೀ! ಹೇಳ್ರಿ ಇವ್ರಿಗೆ, ಉಡಿ ತುಂಬಿಸಿಕೊಂಡಾಕಿ ಸ್ವಲ್ಪ ತಿರುಗಿ ಕೊಡೂದು ನಮ್ಮಲ್ಲಿ ರಿವಾಜು. ಆ ಕೋಟಿನ ಸಾಹೇಬಗ ತಿಳೀಲಿಲ್ಲ, ಈ ತಾಯಿಗೆ ತಿಳೀತು!"

ಶ್ರೀಧರ ಮಾರ್ಗದರ್ಶಿಗೆ ಹೇಳಿದ, ಮಾರ್ಗದರ್ಶಿ ಹೆಂಗಸರಿಗೆ ಹೇಳಿದ. ಮುದುಕಿ ಕಾಯಿಯನ್ನು ಮುಟ್ಟಿ ನೋಡಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕು, ಅಂದಾನಪ್ಪನ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದಳು. ಅತ್ತ ದಡದಲ್ಲಿ, ತಿರುಗಿ ಬಂದ ಬಾಚಣಿಗೆ ಹಿಡಿದು ಬಿಕ್ಕುತ್ತಿದ್ದ ಒಬ್ಬ ಹುಡುಗಿ ಕಣ್ಣೊರೆಸಿಕೊಂಡು ಅದನ್ನು ಮುಡಿಗೆ ಸಿಕ್ಕಿಸಿಕೊಂಡಳು. ಡೋಲು ಮತ್ತೆ ಶುರುವಾಯಿತು. ಬಸ್ಸು ನಲವತ್ತು ನಿಮಿಷ ತಡವಾಗಿ ಹೊರಟಿತು, ಅಷ್ಟು ಹೊತ್ತು ಶ್ರೀಧರನೂ ಕುಣಿಯುತ್ತಿದ್ದನೆಂದು ಉಳಿದ ವ್ಯಾಪಾರಿಗಳು ಇಂದಿಗೂ ಹೇಳುತ್ತಾರೆ.

ಮುಂಬಯಿಯಲ್ಲಿ ಇಳಿದಾಗ ಅಲ್ಲಿನ ಅಧಿಕಾರಿ, ಬ್ರೆಜಿಲ್ಲಿನಿಂದ ಏನು ತಂದಿರಿ ಎಂದು ಗದರಿಸಿ ಕೇಳಿದ. ಅಂದಾನಪ್ಪ ಖಾಲಿ ಪೆಟ್ಟಿಗೆ ತೆರೆದು ಒಂದು ತೆಂಗಿನಕಾಯಿ ತೋರಿಸಿದ. ಅಧಿಕಾರಿ ಅವನನ್ನೇ ನೋಡಿ, ಬಿಸಿಲು ತಲೆಗೇರಿರಬೇಕೆಂದು ಹಿಂದಿನಿಂದ ಕುರ್ಚಿ ತರಿಸಿ, ನೀರು ಕುಡಿಸಿ ಕಳಿಸಿಕೊಟ್ಟ.

ನವನಗರದ ಓಣಿಯಲ್ಲಿ ಇಪ್ಪತ್ತೊಂದು ಹೆಂಗಸರೂ ಕಟ್ಟೆಯ ಸುತ್ತ ಸೇರಿದ್ದರು. ನಡುವೆ ಸಕ್ರವ್ವ.

"ಹೊಳಿ ಎಷ್ಟು ದೊಡ್ಡದಿತ್ತೋ?" ಎಂದಳು.

"ಆ ದಂಡಿ ಕಾಣಲಿಲ್ಲಬೇ ಆಯಿ." ಇಷ್ಟು ಸತ್ಯವೇ ಆಗಿತ್ತು.

"ನೀರು ಹೆಂಗಿತ್ತು?"

"ಉಪ್ಪ..." ಎಂದವನು ನಾಲಿಗೆ ಕಚ್ಚಿಕೊಂಡ. ದುರ್ಗವ್ವ ತಲೆಯ ಮೇಲೆ ಕೈ ಹೊತ್ತಳು. ಮುಚ್ಚಿಡಲು ಬಾರದ ಅಂದಾನಪ್ಪ ಎಲ್ಲವನ್ನೂ ಹೇಳಿಬಿಟ್ಟ: ಕಾಶ್ಮೀರಕ್ಕಿಂತ ದೂರದ ಅಮೆಜಾನ್, ಸಮುದ್ರ, ಬಿಳಿ ಲಂಗದ ಮುದುಕಿ, ತಿರುಗಿ ಬಂದ ಕಾಯಿ. ಹೇಳಿ ಕಾಯಿಯನ್ನು ಸಕ್ರವ್ವನ ಮುಂದಿಟ್ಟ.

ಸಕ್ರವ್ವ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. "ಸಮುದ್ರಕ್ಕ ಎಲ್ಲಾ ಹೊಳಿ ಕೂಡ್ತಾವ ಅಂತಾರಲ್ಲೋ. ನಮ್ಮಾಕಿನೂ?"

"ನಮ್ಮಾಕಿನೂ ಆಯಿ. ಕೃಷ್ಣಾಕ್ಕ ಕೂಡಿ, ಮುಂದ ಸಮುದ್ರಕ್ಕ."

"ಅಂದ್ರ ನನ್ನ ಮನಿ ನುಂಗಿದ ನೀರಿಗೇ ನನ್ನ ಉಡಿ ಮುಟ್ಟಿಸಿ ಬಂದಿ."

ಅಂದಾನಪ್ಪ ಕುತ್ತಿಗೆ ತಗ್ಗಿಸಿ ಅವಳ ಏಟಿಗೆ ಸಿದ್ಧನಾದ.

"ಮತ್ತ ಆಕಿ ತಿರುಗಿ ಕೊಟ್ಲು?" ಸಕ್ರವ್ವನ ದನಿ ಸಣ್ಣದಾಗಿತ್ತು. "ಐದು ವರ್ಷ ನಾ ಆಕೀ ಮುಖಾ ನೋಡಿಲ್ಲ. ಆದ್ರೂ ನನ್ನ ಹೆಸರು ಕೇಳಿ ತಿರುಗಿ ಕೊಟ್ಲು?"

"ಖರೆ ಆಯಿ. ಕಾಲಿಗೆ ತಂದು ಕೊಟ್ಲು."

ಸಕ್ರವ್ವ ಕಾಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು. "ಕುಂತೀರೇನ್ ಎಲ್ಲಾರೂ? ಟಂಟಂ ಕರೀರಿ."

ಮೂರು ಟಂಟಂ ಆಟೋಗಳಲ್ಲಿ ಓಣಿಗೆ ಓಣಿಯೇ ಹಳೇ ಊರಿನ ಹಿನ್ನೀರಿನ ದಂಡೆಗೆ ಹೋಯಿತು. ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದಿತ್ತು. ಸಕ್ರವ್ವ ಸೆರಗು ಸರಿಸಿ, ಕಣ್ಣು ತುಂಬ ಹೊಳೆಯನ್ನು ನೋಡಿದಳು. "ನನ್ನ ಮನಿ ನಿನ್ನ ಕಡೀನ ಐತಿ. ಜ್ವಾಕಿಲೆ ಇಟ್ಕೊ" ಎಂದು ಕಾಯಿಯ ಸಿಪ್ಪೆ ಸುಲಿಸಿ ಕಲ್ಲಿಗೆ ಒಡೆದಳು. ಅರ್ಧ ನೀರನ್ನು ಹೊಳೆಗೆ ಸುರಿದಳು, ಅರ್ಧ ತಾನು ಕುಡಿದಳು. ಆಮೇಲೆ ಅಂದಾನಪ್ಪನ ಕಡೆ ತಿರುಗಿ, ಮನೆಯಿಂದ ತಂದಿದ್ದ ಜೋಳದ ಗಂಟು ಬಿಚ್ಚಿದಳು.

"ಉಡಿ ಒಡ್ಡು ಅಂದಾನಿ."

"ಗಂಡಸಿಗಾ?" ಎಂದು ಪ್ರಭು ಹಿಂದಿನಿಂದ ಗೊಣಗಿದ. ದುರ್ಗವ್ವ ಅವನ ಕಾಲು ತುಳಿದಳು.

ಅಂದಾನಪ್ಪ ಅಂಗಿಯ ಚುಂಗು ಒಡ್ಡಿದ. ಸಕ್ರವ್ವ ಐದು ಬೊಗಸೆ ಜೋಳ ಹಾಕಿ ಅರ್ಧ ಹೋಳು ಕಾಯಿ ಇಟ್ಟಳು. "ನನ್ನ ಜಗಳ ಮುಗಿಸಿಕೊಟ್ಟಿ, ಯಪ್ಪಾ. ನಿನ್ನ ಉಪಕಾರ ದೊಡ್ಡದು" ಎಂದಳು. ಅಂದಾನಪ್ಪ ಹೆಂಡತಿ ಕಲಿಸಿದ್ದನ್ನು ಮರೆತಿರಲಿಲ್ಲ. ಐದು ಕಾಳು ತೆಗೆದು ಅವಳ ಸೆರಗಿಗೆ ತಿರುಗಿ ಹಾಕಿದ. ಬಳಿಕ ಹೊಳೆಯ ಕಡೆ ಬಗ್ಗಿ, ಯಾರಿಗೂ ಕೇಳದಂತೆ ಪಿಸುಗುಟ್ಟಿದ: "ಬಚ್ಚಲ ನೀರು ಅಂದಿದ್ನಿ. ತಪ್ಪಾತವ್ವಾ."

ಸಕ್ರವ್ವನ ಕಿವಿ ಎಪ್ಪತ್ತು ದಾಟಿದರೂ ಚುರುಕಾಗಿತ್ತು.

"ಇನ್ನೊಮ್ಮೆ ಅನ್ನು" ಎಂದಳು. "ಆಕಿಗೆ ಕೇಳೂಹಂಗ ಅನ್ನು."